ಚಿಮ್ಮನಚೋಡದ ನೆರಳು ಹೋದ ದಿನ

ದೇವಿಂದ್ರ ಮಾಡಿದ ತಪ್ಪು ಒಂದೇ. ಹೆಡ್‌ಮಾಸ್ತರ ಅಂಬಾರಾಯರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡು ಊದುತ್ತಿದ್ದಾಗ ಬಾಯಿ ಮುಚ್ಚಿಕೊಂಡು ಕೂರಲಾಗದೆ, "ಸರ್, ನಾಳಿ ಮಧ್ಯಾಹ್ನ ನಮ್ಮೂರಾಗ ಯಾರಿಗೂ ನೆರಳು ಇರೂದಿಲ್ರಿ" ಎಂದುಬಿಟ್ಟ.

ಅಂಬಾರಾಯರು ಊದುವುದನ್ನು ನಿಲ್ಲಿಸಿದರು. ನಾಳೆಯೇ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರು ಚಿಂಚೋಳಿ ಕಡೆ ತಪಾಸಣೆಗೆ ಬರುವವರಿದ್ದರು. ಚಿಮ್ಮನಚೋಡದ ಈ ಪ್ರೌಢಶಾಲೆಗೂ ಒಂದು ಗಳಿಗೆ ಬಂದು ಹೋಗುತ್ತೇನೆಂದು ಫೋನಿನಲ್ಲಿ ಹೇಳಿದ್ದರು. ತಪಾಸಣೆಗೆ ಬಂದವರು ತಪಾಸಣೆ ಮಾಡದ ಹಾಗೆ ನೋಡಿಕೊಳ್ಳುವುದೇ ಹೆಡ್‌ಮಾಸ್ತರಿಕೆ ಎಂದು ನಂಬಿದ್ದ ಅಂಬಾರಾಯರಿಗೆ, ಶಾಲೆಯ ಸೋರುವ ಸೂರಿನ ಮೇಲೆ ಬೀಳದಂತೆ ಸಾಹೇಬರ ಕಣ್ಣನ್ನು ಎತ್ತ ತಿರುಗಿಸಬೇಕು ಎಂಬ ಚಿಂತೆ ಬೆಳಗಿನಿಂದ ಹತ್ತಿಕೊಂಡಿತ್ತು.

"ನೆರಳು ಎಲ್ಲಿಗಿ ಹೋಗ್ತದ?" ಎಂದರು.

"ಎಲ್ಲಿಗೂ ಹೋಗಂಗಿಲ್ರಿ. ಸೂರ್ಯ ಬರೋಬರ್ ನೆತ್ತಿ ಮ್ಯಾಲ ಬರ್ತಾನ. ನಿಂತ ಕಂಬದ ನೆರಳು ಅದರ ಬುಡದಾಗೇ ಅಡಗ್ತದ. ವರ್ಷದಾಗ ಎರಡ ಸಲ ಹಿಂಗ ಆಗ್ತದರಿ. ಮೇದಾಗ ಆಗಿತ್ತು, ಅವಾಗ ಸೂಟಿ. ಈಗ ನಾಳಿ, ಹನ್ನೆರಡೂವರಿ ಸುಮಾರಿಗಿ."

"ಸಾಹೇಬ್ರು ಮ್ಯಾಲ ನೋಡ್ತಾರೋ, ಕೆಳಗೋ?"

"ಕೆಳಗರಿ. ನೆಲ ನೋಡಬೇಕು."

"ನೆಲ ನೋಡಿದ್ರ ಸೂರು ಕಾಣಂಗಿಲ್ಲ," ಎಂದ ಅಂಬಾರಾಯರು ಚಹಾವನ್ನು ಒಂದೇ ಗುಟುಕಿಗೆ ಇಳಿಸಿದರು. "ಮುಗೀತು. ಇದೇ ಕಾರ್ಯಕ್ರಮ. ನೀವೇ ಮುಖ್ಯಸ್ಥರು."

ದೇವಿಂದ್ರ ಎದ್ದು ಕಿಟಕಿಯಿಂದ ಆಕಾಶ ನೋಡಿದ. ಕಾರಣ, ಆಕಾಶಕ್ಕೂ ಅವನಿಗೂ ಹಳೆಯ ವೈರ. ವಿಜ್ಞಾನದ ಮಾಸ್ತರನಾಗಿ ಈ ಊರಿಗೆ ಬಂದ ಮೇಲೆ ಅವನು ಚಂದ್ರಗ್ರಹಣ ತೋರಿಸಲು ಊರವರನ್ನು ಶಾಲೆಯ ಮಾಳಿಗೆ ಹತ್ತಿಸಿದ್ದ, ಮೋಡ ಬಂತು. ಕಲಬುರಗಿಯಿಂದ ದುರ್ಬೀನು ತಂದು ಶನಿಯ ಬಳೆ ತೋರಿಸುತ್ತೇನೆಂದ, ಮೋಡ ಬಂತು. ಡಿಸೆಂಬರಿನಲ್ಲಿ ಉಲ್ಕೆ ಉದುರುವುದನ್ನು ನೋಡೋಣ, ಈ ತಿಂಗಳಲ್ಲಿ ಮೋಡದ ಮಾತೇ ಇಲ್ಲ ಎಂದ. ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಗಾಳಿಮಳೆಯೊಂದು ಆಂಧ್ರ, ತೆಲಂಗಾಣ ಎರಡನ್ನೂ ದಾಟಿ, ವಿಳಾಸ ಕೇಳಿಕೊಂಡು ಬಂದ ಬೀಗರ ಹಾಗೆ ನೇರ ಚಿಮ್ಮನಚೋಡಕ್ಕೆ ಬಂದಿಳಿಯಿತು. ಅಂದಿನಿಂದ ಊರಿನಲ್ಲಿ ಅವನ ಹೆಸರು ಮೋಡದ ಮಾಸ್ತರ. ತೊಗರಿಗೆ ಮಳೆ ಬೇಕಾದಾಗ ರೈತರು ಅವನ ಮನೆಗೆ ಬಂದು, "ಮಾಸ್ತರ, ಒಂದು ಕಾರ್ಯಕ್ರಮ ಇಟ್ಟು ಬಿಡ್ರಿ" ಎಂದು ಕೇಳುತ್ತಿದ್ದರು. ಅವರು ಚೇಷ್ಟೆ ಮಾಡುತ್ತಿರಲಿಲ್ಲ ಎನ್ನುವುದೇ ಅವನಿಗೆ ಹೆಚ್ಚು ನೋವಿನ ವಿಷಯ.

ಈ ಸಲ ಮಾತ್ರ ಅವನಿಗೆ ಆಕಾಶ ತಿಳಿಯಾಗಿರಲೇಬೇಕಿತ್ತು. ಹೆಂಡತಿ ರಮಾಬಾಯಿಗೆ ಚಿತ್ತಾಪುರದ ಅಂಚೆ ಕಚೇರಿಯಲ್ಲಿ ನೌಕರಿ. ಮದುವೆಯಾದಾಗಿನಿಂದ ಅವನು ಇಲ್ಲಿ, ಅವಳು ಅಲ್ಲಿ. ಶನಿವಾರ ಸಂಜೆ ಚಿಂಚೋಳಿ, ಸೇಡಂ ಎಂದು ಬಸ್ಸು ಬದಲಿಸಿ ಹೋಗುವುದು, ಸೋಮವಾರ ಕೋಳಿ ಕೂಗುವ ಮೊದಲೇ ತಿರುಗಿ ಹೊರಡುವುದು. ಸಣ್ಣ ಮಗಳು ಅವನಿಗೆ "ಶನಿವಾರ ಪಪ್ಪಾ" ಎಂದೇ ಹೆಸರಿಟ್ಟಿದ್ದಳು. ಈಗ ಚಿತ್ತಾಪುರದಲ್ಲಿ ಹೊಸದಾಗಿ ವಿಜ್ಞಾನ ಕೇಂದ್ರವೊಂದು ತೆರೆದಿತ್ತು. ಅದನ್ನು ನೋಡಿಕೊಳ್ಳಲು ಒಬ್ಬ ಮಾಸ್ತರನನ್ನು ನಿಯೋಜಿಸುವುದು ಇದೇ ದೊಡ್ಡ ಸಾಹೇಬರ ಕೈಯಲ್ಲಿತ್ತು. ದೇವಿಂದ್ರ ಎರಡು ಸಲ ಹೋಗಿ ಕೇಳಿದ್ದ. "ಕೆಲಸ ನೋಡಿ ಹೇಳ್ತೀನಿ" ಎಂದಿದ್ದರು ಸಾಹೇಬರು.

ಮರುದಿನ ಬೆಳಿಗ್ಗೆ ಎದ್ದು ಹೊರಗೆ ಬಂದರೆ ಆಕಾಶದ ತುಂಬ ಮೋಡ. ಹಿಂಜಿ ಹಾಕಿದ ಹಳೆಯ ಗಾದಿಯ ಹತ್ತಿಯಂತೆ ಬೂದು ಬಣ್ಣದ್ದು, ಒತ್ತೊತ್ತಾಗಿ. ಕಟ್ಟೆಯ ಮೇಲೆ ಮನೆಯ ಮಾಲಕಿ ಚಂದಮ್ಮ ಕೂತಿದ್ದಳು. ಒಂದು ಕಾಲಕ್ಕೆ ಪಂಚಾಯ್ತಿ ಅಧ್ಯಕ್ಷೆಯಾಗಿದ್ದವಳು. ಅಧಿಕಾರ ಹೋಗಿದ್ದರೂ ಧ್ವನಿ ಹೋಗಿರಲಿಲ್ಲ.

"ಮಾಸ್ತರ, ನಿಮ್ಮ ಬಾಯಾಗ ಸಕ್ಕರಿ ಬೀಳ್ಲಿ," ಎಂದಳು. "ಎರಡ ವಾರದಿಂದ ಹನಿ ಇದ್ದಿಲ್ಲ. ನೀವು ನಿನ್ನಿ ಕಾರ್ಯಕ್ರಮ ಅಂದ್ರಿ, ಇವತ್ತ ನೋಡ್ರಿ ಹೆಂಗ ಕಟ್ಟ್ಯಾದ."

"ಚಂದಮ್ಮಾಯಿ, ಇವತ್ತೊಂದಿನ ಮಳಿ ಬ್ಯಾಡಂತ ಬೇಡ್ಕೋರಿ."

"ಹಂಗ್ಯಾಕ ಅಂತೀರಿ? ಊರ ಮಂದಿ ಪೂರಾ ಬರ್ಲಿಕತ್ತದ ನಿಮ್ಮ ಕಾರ್ಯಕ್ರಮಕ್ಕ. ಮಳಿ ಬರ್ತದಂತ ಹೇಳೀನಿ ನಾನು."

ಊರಿಗೆ ಊರೇ ಮೋಡದ ಪಕ್ಷ, ತಾನೊಬ್ಬನೇ ಸೂರ್ಯನ ಪಕ್ಷ ಎಂದು ದೇವಿಂದ್ರನಿಗೆ ಗೊತ್ತಾಯಿತು.

ಶಾಲೆಗೆ ಹೋದವನೇ ಅಂಗಳದ ನಡುವೆ ಬೋರ್‌ವೆಲ್ ಪೈಪಿನ ಒಂದು ತುಂಡನ್ನು ನೆಟ್ಟ. ಮನೆ ಕಟ್ಟುವ ಗೌಂಡಿಯಿಂದ ಇಸಿದುಕೊಂಡ ತೂಕದ ಗುಂಡನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ನಾಲ್ಕೂ ಕಡೆಯಿಂದ ನೋಡಿ, ಪೈಪು ಕೂದಲೆಳೆಯಷ್ಟೂ ವಾಲದಂತೆ ಕಲ್ಲು ಬಡಿದು ನಿಲ್ಲಿಸಿದ. ಕೈ ತೊಳೆದು ಬರುವಷ್ಟರಲ್ಲಿ ಅಂಬಾರಾಯರು ಅದಕ್ಕೆ ಚೆಂಡುಹೂವಿನ ಹಾರ ಸುತ್ತಿ, ವಿಭೂತಿ ಬಳಿದು, ತುದಿಯಲ್ಲಿ ಒಂದು ತೆಂಗಿನಕಾಯಿ ಕೂರಿಸಿದ್ದರು.

"ಸರ್, ಕಾಯಿ ಇಟ್ರ ಕಾಯಿ ನೆರಳು ಬೀಳ್ತದರಿ."

"ಖಾಲಿ ಪೈಪು ತೋರಿಸಿದ್ರ ಸಾಹೇಬ್ರು ಬೋರ್ ಕೆಟ್ಟದ ಅಂತ ತಿಳ್ಕೋತಾರ. ಇರ್ಲಿ, ಆಮ್ಯಾಲ ತೆಗೀಬಹುದು. ನೀವು ಮೊದಲ ಚಿಂಚೋಳಿಗಿ ಹೋಗಿ ಶಾಲು ತರ್ರಿ. ಸನ್ಮಾನಕ್ಕ ಶಾಲೇ ಇಲ್ಲ."

ಹಿಂದಿ ಮಾಸ್ತರ ಶರಣಕುಮಾರ ತನ್ನ ಮೋಟರ್ ಸೈಕಲ್ ಕೊಟ್ಟ. ಶರಣಕುಮಾರ ಇದೇ ಊರಿನವನು. ಶಾಲೆಯ ಹಿಂದಿನ ಗೋಡೆಗೆ ಅಂಟಿ ಅವನ ಮನೆ, ಮನೆಗೆ ಹತ್ತಿ ಕೊಟ್ಟಿಗೆ, ಕೊಟ್ಟಿಗೆಗೆ ಹತ್ತಿ ಹೊಲ. ಪಾಠದ ನಡುವೆ ಎಮ್ಮೆ ಕೂಗಿದರೆ ಕಿಟಕಿಯಿಂದಲೇ ಸಮಾಧಾನ ಹೇಳುತ್ತಿದ್ದ. ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ, ಯಾವ ಕೆಲಸವನ್ನೂ ಪೂರಾ ಕೇಳಿಸಿಕೊಂಡು ಮಾಡುತ್ತಿರಲಿಲ್ಲ. ಅವನ ಮೋಟರ್ ಸೈಕಲ್ಲೂ ಅವನಂತೆಯೇ. ಹೋಗುವಾಗ ಸುಮ್ಮನೆ ಹೋಯಿತು, ಬರುವಾಗ ನಡುದಾರಿಯಲ್ಲಿ ಪಂಕ್ಚರ್ ಆಯಿತು. ಶಾಲನ್ನು ಕೊರಳಿಗೆ ಹಾಕಿಕೊಂಡು ಗಾಡಿ ನೂಕುತ್ತ ಬರುತ್ತಿದ್ದ ದೇವಿಂದ್ರನನ್ನು ನೋಡಿ, ಹೊಲದಲ್ಲಿದ್ದ ಹೆಂಗಸರು, ಮಾಸ್ತರರಿಗೆ ಆಗಲೇ ಸನ್ಮಾನ ಆಗಿ ಹೋಯಿತು ಎಂದುಕೊಂಡರು.

ಶಾಲೆ ಮುಟ್ಟಿ ಗೇಟಿನೊಳಗೆ ಕಾಲಿಟ್ಟವನು ಅಲ್ಲೇ ನಿಂತ. ಅಂಗಳ ಇರಲಿಲ್ಲ. ಅಂಗಳವಿದ್ದ ಜಾಗದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಕೆಂಪು ಹಳದಿ ಪಟ್ಟೆಯ ದೊಡ್ಡ ಶಾಮಿಯಾನ ಎದ್ದು ನಿಂತಿತ್ತು. ಅದರ ನಟ್ಟನಡುವೆ, ಮದುವೆ ಮಂಟಪದಲ್ಲಿ ಕೂತ ವರನಂತೆ, ಹಾರ ಹಾಕಿಕೊಂಡ ಅವನ ಪೈಪು.

"ಯಾರು ಹಾಕ್ಸಿದ್ರು ಇದನ್ನ?" ದೇವಿಂದ್ರ ಗಾಡಿಯನ್ನು ಅಲ್ಲೇ ಬಿಟ್ಟು ಕೇಳಿದ.

"ನಾನೇ," ಎಂದ ಶರಣಕುಮಾರ ಹೆಮ್ಮೆಯಿಂದ. "ಖಾಜಾಮಿಯಾಗ ಫೋನ್ ಹಚ್ಚಿ ಜಲ್ದಿ ತರಿಸೀನಿ. ಸಾಹೇಬ್ರಿಗಿ ನೆರಳ ಬ್ಯಾಡೇನ್ರಿ?"

"ಶರಣಕುಮಾರ ಸರ್, ಇವತ್ತಿನ ಕಾರ್ಯಕ್ರಮ ಏನು?"

"ನೆರಳಿಂದು."

"ನೆರಳು ಇರೂದಿಲ್ಲ ಅನ್ನೋದು."

"ಹೌದಲ್ಲರಿ. ಅದಕ್ಕೇ ಅಂದೆ, ನೆರಳು ಇರೂದಿಲ್ಲಂದ್ರ ಮಂದಿ ಎಲ್ಲಿ ಕುಂದರಬೇಕು? ಇಂತಜಾಮ್ ನಾವು ಮಾಡಬೇಕಲ್ಲ."

ದೇವಿಂದ್ರ ಶಾಮಿಯಾನದ ಖಾಜಾಮಿಯಾನ ಕಡೆ ಓಡಿದ. ಖಾಜಾಮಿಯಾ ಮೂಲೆಯ ಕಂಬಕ್ಕೊರಗಿ ಎಲೆ ಅಡಿಕೆ ಹಾಕುತ್ತಿದ್ದ. "ಭಾಯಿ, ಇದನ್ನ ತೆಗೀಬೇಕಲ್ಲ."

"ಈಗೇನ್ರಿ ಸರ್? ಹುಡುಗ್ರು ಹೋದ್ರು, ಐನಾಪುರದಾಗ ಶಾದಿ ಅದ. ಸಂಜಿಗಿ ಬರ್ತಾರ."

ಅಷ್ಟರಲ್ಲಿ ಸಾಹೇಬರ ಜೀಪು ಬಂತು. ಸಾಹೇಬರು ಎತ್ತರಕ್ಕಿಂತ ಸುತ್ತಳತೆಗೆ ಹೆಸರಾದವರು. ಇಳಿದವರೇ ಶಾಮಿಯಾನದೊಳಗೆ ಬಂದು, ಕುರ್ಚಿ ತುಂಬ ಕೂತು, ಮೇಲೆ ಕೆಳಗೆ ನೋಡಿ, "ವ್ಯವಸ್ಥೆ ಭಾಳ ಛಲೋ ಅದ. ಯಾರು ಮಾಡಿದ್ದು?" ಎಂದರು. ಅಂಬಾರಾಯರು ಶರಣಕುಮಾರನನ್ನು ಮುಂದೆ ನೂಕಿದರು.

ಊರವರೆಲ್ಲ ಬಂದು ಕೂತಿದ್ದರು. ಮಳೆ ಬಂದರೆ ಇರಲಿ ಎಂದು ಕೆಲವರು ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿಕೊಂಡು ತಂದಿದ್ದರು. ಪ್ರಾರ್ಥನೆಯಾಯಿತು, ಸ್ವಾಗತವಾಯಿತು, ಶಾಲು ಹೊದಿಸಿದ್ದಾಯಿತು. ಅಂಬಾರಾಯರು ಪ್ರಾಸ್ತಾವಿಕ ಎಂದು ಎದ್ದು ತಮ್ಮ ಇಡೀ ನೌಕರಿಯ ಕಥೆಯನ್ನು ಊರೂರಾಗಿ ಹೇಳಿದರು. ಆಮೇಲೆ ಸಾಹೇಬರು ಮೈಕ್ ಹಿಡಿದರು. ದೇವಿಂದ್ರ ಕೈಗಡಿಯಾರ ನೋಡುತ್ತ, ಶಾಮಿಯಾನದ ಅಂಚಿನಿಂದ ಆಕಾಶ ನೋಡುತ್ತ, ಒಲೆಯ ಮೇಲೆ ಹಾಲಿಟ್ಟು ಬಂದವರಂತೆ ಚಡಪಡಿಸುತ್ತಿದ್ದ. ಹನ್ನೆರಡು ಹೊಡೆಯಿತು. ಸಾಹೇಬರು ವಿಜ್ಞಾನದ ಮಹತ್ವಕ್ಕೆ ಬಂದರು. ಹನ್ನೆರಡೂ ಕಾಲಾಯಿತು. ಸಾಹೇಬರು ತಮ್ಮ ಬಾಲ್ಯಕ್ಕೆ ಹೋದರು.

ಆಗ ಒಂದು ವಿಚಿತ್ರವಾಯಿತು. ಅಂಬಾರಾಯರ ಬೋಳುತಲೆಯ ಮೇಲೆ ರೂಪಾಯಿಯಷ್ಟಗಲದ ಬೆಳಕಿನ ಬಿಲ್ಲೆಯೊಂದು ಬಂದು ಕೂತಿತು. ಇನ್ನೊಂದು ಸಾಹೇಬರ ಶಾಲಿನ ಮೇಲೆ. ನೋಡನೋಡುತ್ತ ಚಾಪೆಯ ಮೇಲೆ, ಹೆಂಗಸರ ಸೆರಗಿನ ಮೇಲೆ, ಎಲ್ಲೆಲ್ಲೂ ದುಂಡು ದುಂಡು ಬಿಲ್ಲೆಗಳು. ಖಾಜಾಮಿಯಾನ ಶಾಮಿಯಾನ ಹಳೆಯದು. ಅದರ ಒಂದೊಂದು ತೂತೂ ನೆಲದ ಮೇಲೆ ಒಂದೊಂದು ಸೂರ್ಯನ ಚಿತ್ರ ಬಿಡಿಸುತ್ತಿತ್ತು.

ಮೋಡ ಒಡೆದಿತ್ತು.

ದೇವಿಂದ್ರ ಜನ್ಮದಲ್ಲಿ ಯಾರ ಮಾತನ್ನೂ ತಡೆದವನಲ್ಲ. ಬಸ್ಸಿನಲ್ಲಿ ತನ್ನ ಸ್ಟಾಪು ಬಂದರೂ ಕಂಡಕ್ಟರ್ ಮಾತು ಮುಗಿಸಲಿ ಎಂದು ಮುಂದಿನ ಸ್ಟಾಪಿನಲ್ಲಿ ಇಳಿಯುವವನು. ಅಂಥವನು ಎರಡು ಹೆಜ್ಜೆಯಲ್ಲಿ ವೇದಿಕೆ ಹತ್ತಿ, ಸಾಹೇಬರ ಕೈಯಿಂದ ಮೈಕ್ ಬಿಡಿಸಿಕೊಂಡ.

"ಸಾಹೇಬ್ರ, ಮಾಫ್ ಮಾಡ್ರಿ. ನೀವು ಆಮ್ಯಾಲ ಎಷ್ಟರ ಮಾತಾಡ್ರಿ, ನಾವು ಕುಂತು ಕೇಳ್ತೀವಿ. ಸೂರ್ಯ ಕೇಳಂಗಿಲ್ಲ. ಇನ್ನ ಜರಾ ಹೊತ್ತಿನಾಗ ದಾಟಿ ಹೋಗ್ತಾನ. ಎಲ್ಲಾರೂ ಹೊರಗ ಬರ್ರಿ."

ಅಂಬಾರಾಯರು ಕಣ್ಣು ಮುಚ್ಚಿಕೊಂಡರು. ಸಾಹೇಬರ ಬಾಯಿ ಬಾಲ್ಯದ ಅರ್ಧದಲ್ಲೇ ತೆರೆದುಕೊಂಡಿತ್ತು. ಯಾರೂ ಏಳಲಿಲ್ಲ.

ಮುಂದಿನ ಸಾಲಿನಿಂದ ಚಂದಮ್ಮ ಹೇಳಿದಳು: "ಮಾಸ್ತರ, ಸಿಟ್ಟಾಗಬ್ಯಾಡ್ರಿ. ತನ್ನ ನೆರಳು ತನಗ ಕಾಣಲಿಲ್ಲಂದ್ರ ಅಂವ ಆರು ತಿಂಗಳು ಬದುಕಂಗಿಲ್ಲಂತ ನಮ್ಮತ್ತಿ ಹೇಳ್ತಿದ್ದಳು. ನಾವು ಇಲ್ಲೇ ಕುಂತು ನೋಡ್ತೀವಿ."

ಸಾಹೇಬರು ಹೊರಗೆ ಹೋಗಲೆಂದು ಎತ್ತಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡರು. "ನಾನೂ ಇಲ್ಲಿಂದಲೇ ನೋಡ್ತೀನಿ. ಕಾಣ್ತದ," ಎಂದರು.

ದೇವಿಂದ್ರನಿಗೆ ಎಲ್ಲಿಂದ ಧೈರ್ಯ ಬಂತೋ. "ಚಂದಮ್ಮಾಯಿ, ನೆರಳು ನಿಮ್ಮನ್ನ ಬಿಟ್ಟು ಹೋಗಂಗಿಲ್ಲ. ಕಾಲ ಕೆಳಗ ಬಂದು ಕುಂದರ್ತದ, ಅಷ್ಟೇ. ಕೇಳ್ರಿ. ಬ್ಯಾಸಗಿದಾಗ ಸೂರ್ಯ ಬಡಗ ದಿಕ್ಕಿಗಿ ನಮ್ಮ ತಲಿ ದಾಟಿ ಹೋಗ್ತಾನ. ಒಂದು ಹದ್ದು ಅದ, ಅಂದ್ರ ಗಡಿ, ಅಲ್ಲಿ ತನಾ ಹೋಗಿ ತಿರುಗಿ ತೆಂಕಣಕ್ಕ ಬರ್ತಾನ. ಬರೂ ದಾರ್‍ಯಾಗ ಒಂದೊಂದು ಊರಿನ ನೆತ್ತಿ ಮುಟ್ಟಿ ಬರ್ತಾನ. ಮೊನ್ನಿ ಬೀದರ ಮುಟ್ಯಾನ. ನಾಳಿ ವಾಡಿ ಮುಟ್ಟ್ತಾನ. ಇವತ್ತ ನಮ್ಮ ಚಿಮ್ಮನಚೋಡದ ಪಾಳಿ. ಆದ್ರ ಆ ಹದ್ದಿನ ಆಚಿ ಇದ್ದ ಊರಿಗಿ ಅಂವ ಹೋಗೂದೇ ಇಲ್ಲ. ದಿಲ್ಲಿ ಆಚಿಗಿ ಅದ. ಎಂಥಾ ದೊಡ್ಡ ಮನಷ್ಯಾ ಇರ್ಲಿ, ದಿಲ್ಲಿದಾಗ ಕುಂತು ನೂರು ವರ್ಷ ಕಾದ್ರೂ ಸೂರ್ಯ ಅವನ ನೆತ್ತಿ ಮ್ಯಾಲ ಬರಂಗಿಲ್ಲ."

ಚಂದಮ್ಮ ತಲೆ ಎತ್ತಿದಳು. "ದಿಲ್ಲಿಗಿ ಇಲ್ಲೇನು?"

"ಇಲ್ಲ."

"ಖರೇನೇ?"

"ಖರೇ. ಅಮೇರಿಕಾದ ಅಧ್ಯಕ್ಷರ ಮನಿಗೂ ಇಲ್ಲ."

"ದಿಲ್ಲಿಗಿ ಇಲ್ಲದ್ದು ನಮ್ಮೂರಿಗಿ ಬಂದದ, ನಾವು ಪಡದಾ ಹಾಕ್ಕೊಂಡು ಕುಂತೀವಿ," ಎಂದು ಚಂದಮ್ಮ ಎದ್ದು ನಿಂತಳು. "ಏ ಖಾಜಾ, ತೆಗಿಯೋ ಅದನ್ನ."

ಖಾಜಾಮಿಯಾ ಅಷ್ಟು ಹೊತ್ತೂ ದೇವಿಂದ್ರನ ಮಾತನ್ನೇ ಕೇಳುತ್ತಿದ್ದ. ಎಲೆ ಅಡಿಕೆ ಉಗುಳಿದ. "ಕಟ್ಟಾಕ ಆರು ಮಂದಿ ಬೇಕ್ರಿ," ಎಂದ. "ಬಿಚ್ಚಾಕ ಒಂದ ಗಂಟು." ನಡುವಿನ ಹಗ್ಗಕ್ಕೆ ಕೈ ಹಾಕಿ ಜಗ್ಗಿದ. ಶಾಮಿಯಾನ ನಡುವೆ ಇಬ್ಭಾಗವಾಗಿ, ಗುಂಡಿ ಬಿಚ್ಚಿದ ಅಂಗಿಯಂತೆ ಎರಡೂ ಕಡೆ ಸರಿದು ಬಿತ್ತು. ಬಲಗಡೆಯ ತುಂಡು ಅಂಬಾರಾಯರನ್ನೂ ಶರಣಕುಮಾರನನ್ನೂ ಒಟ್ಟಿಗೆ ಮುಚ್ಚಿಕೊಂಡಿತು. ಅವರನ್ನು ಬಿಡಿಸುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಬಿಸಿಲು ಸುರಿಯಿತು.

ದೇವಿಂದ್ರ ಓಡಿಹೋಗಿ ತೆಂಗಿನಕಾಯಿ ಕಿತ್ತು ಚಂದಮ್ಮನ ಉಡಿಗೆ ಹಾಕಿದ, ಹಾರ ಹರಿದು ಎಸೆದ. "ಯಾರೂ ಮ್ಯಾಲ ನೋಡಬ್ಯಾಡ್ರಿ, ಕಣ್ಣಿಗಿ ಛಲೋ ಅಲ್ಲ. ನೆಲ ನೋಡ್ರಿ."

ಪೈಪಿನ ಬುಡದಲ್ಲಿ ಬೆರಳಗಲದ ನೆರಳಿತ್ತು. ಅದು ಕಡಿಮೆಯಾಯಿತು. ಉಗುರಿನಷ್ಟಾಯಿತು. ದಾರದಷ್ಟಾಯಿತು. ಆಮೇಲೆ ಇಲ್ಲವಾಯಿತು. ಉರಿಬಿಸಿಲಿನಲ್ಲಿ ನಿಂತ ಆ ಕಬ್ಬಿಣದ ಪೈಪು, ಯಾರೋ ಕಾಗದದ ಮೇಲೆ ಬರೆದು ನೆರಳು ಹಾಕಲು ಮರೆತ ಹಾಗೆ, ಒಂಟಿಯಾಗಿ ನಿಂತಿತು.

ಆಮೇಲೆ ಊರೆಲ್ಲ ದೇವರು ಮೈಮೇಲೆ ಬಂದವರ ಹಾಗೆ ಕುಣಿಯಿತು. ಕೋಲು ಇದ್ದವರು ಕೋಲು ನಿಲ್ಲಿಸಿದರು, ಚೊಂಬು ಇದ್ದವರು ಚೊಂಬು ಇಟ್ಟರು, ಹುಡುಗಿಯರು ಪೆನ್ನು, ಸ್ಕೇಲು, ನೀರಿನ ಬಾಟ್ಲಿ ಎಲ್ಲವನ್ನೂ ನಿಲ್ಲಿಸಿ ನಿಲ್ಲಿಸಿ ನೋಡಿದರು. ಒಂದಕ್ಕೂ ನೆರಳಿಲ್ಲ. ಚಂದಮ್ಮ ಬಿಸಿಲಿಗೆ ಬಂದು ನಿಂತು, ಸೀರೆಯ ನಿರಿಗೆ ತುಸು ಎತ್ತಿ, ಪಾದದ ಸುತ್ತ ರೊಟ್ಟಿಯಷ್ಟಗಲ ಬಿದ್ದ ತನ್ನ ನೆರಳನ್ನು ನೋಡಿ, "ಇಲ್ಲೇ ಕುಂತೀಯೇನವ್ವಾ" ಎಂದು ಮಾತಾಡಿಸಿದಳು.

ಸಾಹೇಬರೂ ಬಂದರು. ಕೆಳಗೆ ನೋಡಿದರು. ಎಡಕ್ಕೆ ಬಾಗಿದರು, ಬಲಕ್ಕೆ ಬಾಗಿದರು. ಮುಖ ಬಿಳುಚಿಕೊಂಡಿತು. "ದೇವಿಂದ್ರ ಸರ್, ನಂದು ಪೂರಾನೇ ಇಲ್ಲಲ್ಲ?"

"ಅದರಿ ಸಾಹೇಬ್ರ. ನಿಮ್ಮ ಹೊಟ್ಟಿ ಅಡ್ಡ ಬಂದದ."

ನಗು ಎಲ್ಲಿಂದ ಶುರುವಾಯಿತೋ ತಿಳಿಯದು. ಸಾಹೇಬರೇ ಎಲ್ಲರಿಗಿಂತ ಜೋರಾಗಿ ನಕ್ಕರು. ಆ ನಗುವಿನ ಅಲೆಯ ಮೇಲೆಯೇ ನಾಲ್ಕು ಜನ ಬಂದು ದೇವಿಂದ್ರನನ್ನು ಹೆಗಲ ಮೇಲೆ ಎತ್ತಿಕೊಂಡರು. ಮೋಡದ ಮಾಸ್ತರ ಎಂದು ಕರೆಯುತ್ತಿದ್ದ ಬಾಯಿಗಳೇ ಸೂರ್ಯನ ಮಾಸ್ತರ ಎಂದು ಕೂಗಿದವು. ಹೆಗಲ ಮೇಲಿಂದ ದೇವಿಂದ್ರ ಊರನ್ನೆಲ್ಲ ನೋಡಿದ. ಗ್ರಹಣ, ಶನಿ, ಉಲ್ಕೆ ಎಲ್ಲದರ ಬಾಕಿಯನ್ನೂ ಆಕಾಶ ಒಂದೇ ಮಧ್ಯಾಹ್ನ ತೀರಿಸಿಬಿಟ್ಟಿತ್ತು. ಅವನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಎಂದುಕೊಂಡ.

ಮೋಡ ಮತ್ತೆ ಕೂಡಿಕೊಂಡಾಗ ಸಾಹೇಬರು ಎರಡನೆಯ ಸಲ ಮೈಕ್ ಹಿಡಿದರು. ಅಷ್ಟರಲ್ಲಿ ಬಟ್ಟೆಯ ಕೆಳಗಿನಿಂದ ಅಂಬಾರಾಯರೂ ಶರಣಕುಮಾರನೂ ಹೊರಬಂದಿದ್ದರು.

"ಇಪ್ಪತ್ತೆಂಟು ವರ್ಷದ ನೌಕರ್‍ಯಾಗ ಇಂಥಾ ಮಾಸ್ತರನ್ನ ನಾನು ನೋಡಿಲ್ಲ," ಎಂದರು ಸಾಹೇಬರು. "ನನ್ನ ಕೈಯಾಗಿನ ಮೈಕ್ ಕಸ್ಕೊಂಡ ಮೊದಲನೇ ಮಾಸ್ತರ ಇವ್ರು. ಖುಷಿ ಆತು. ಚಿತ್ತಾಪುರದ ವಿಜ್ಞಾನ ಕೇಂದ್ರಕ್ಕ ಇವ್ರನ್ನೇ ಕಳಸಬೇಕಂತ ಮನಸಿನಾಗ ಮಾಡ್ಕೊಂಡು ಬಂದಿದ್ದೆ."

ದೇವಿಂದ್ರ ಜೇಬಿನಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡ. ರಮಾಬಾಯಿಗೆ ಮೊದಲು ಏನು ಹೇಳುವುದು ಎಂದು ಮಾತು ಜೋಡಿಸತೊಡಗಿದ.

"ಆದ್ರ ಇವತ್ತ ನೋಡಿದ ಮ್ಯಾಲ ಹೆಂಗ ಕಳಸಲಿ? ಇಂಥಾ ಊರು, ಇಂಥಾ ಮಂದಿ, ಇಂಥಾ ಮಾಸ್ತರ. ಇವ್ರನ್ನ ಕಿತ್ತುಕೊಂಡು ಹೋದ್ರ ನನಗ ಪಾಪ ಹತ್ತತದ. ನಾ ಇರೂ ತನಾ ಇವ್ರು ಚಿಮ್ಮನಚೋಡ ಬಿಟ್ಟು ಕದಲಂಗಿಲ್ಲ. ಇದು ನನ್ನ ವಚನ."

ಚಪ್ಪಾಳೆ ಶಾಲೆಯ ಸೂರಿಗೆ ಬಡಿಯಿತು. ಎಲ್ಲರಿಗಿಂತ ಮೊದಲು ಚಂದಮ್ಮನೇ ತಟ್ಟಿದ್ದಳು.

"ಇನ್ನ ಆ ಕೇಂದ್ರ," ಎಂದು ಸಾಹೇಬರು ಸುತ್ತ ನೋಡಿದರು. "ಅಲ್ಲೇನ್ರಿ, ಬಾಗಿಲ ತೆಗೀಬೇಕು, ಮಂದಿ ಬಂದ್ರ ಕುಂದರಸಬೇಕು. ಅದಕ್ಕ ವ್ಯವಸ್ಥಾ ಗೊತ್ತಿದ್ದವ್ರು ಬೇಕು. ಈ ಪೆಂಡಾಲ್ ಹಾಕಿಸಿದ್ದು ಯಾರಂದ್ರಿ? ಹಿಂದಿ ಮಾಸ್ತರ ಅಲ್ಲಾ? ಸೋಮವಾರದಿಂದ ಅವ್ರು ಚಿತ್ತಾಪುರಕ್ಕ ಹಾಜರಾಗ್ಲಿ. ಇಲ್ಲಿ ಅವ್ರಿಲ್ಲಂದ್ರೂ ನಡೀತದ."

ಶರಣಕುಮಾರ ಹಿಂದಿನ ಗೋಡೆಯಾಚೆ ತನ್ನ ಕೊಟ್ಟಿಗೆಯ ಕಡೆ ನೋಡಿದ. ಸಾಹೇಬರ ಜೀಪು ಧೂಳೆಬ್ಬಿಸಿ ಹೋಯಿತು. ಸೋರುವ ಸೂರನ್ನು ಅವರು ನೋಡಲೇ ಇಲ್ಲವಾದ್ದರಿಂದ ಅಂಬಾರಾಯರೊಬ್ಬರೇ ಆ ದಿನ ಅಂದುಕೊಂಡದ್ದನ್ನು ಸಾಧಿಸಿದವರು.

ಶಾಲೆಯ ಮೆಟ್ಟಿಲ ಮೇಲೆ ಇಬ್ಬರೂ ಮಾಸ್ತರರು ಪಕ್ಕಪಕ್ಕ ಕೂತರು. ಹೋಗಬೇಕೆಂದವನು ಉಳಿದಿದ್ದ. ಉಳಿಯಬೇಕೆಂದವನು ಹೊರಟಿದ್ದ.

"ನನಗ ಚಿತ್ತಾಪುರ ಯಾವ ಕಡಿ ಅದ ಅನ್ನೋದೂ ಬರೋಬರ್ ಗೊತ್ತಿಲ್ಲರಿ," ಎಂದ ಶರಣಕುಮಾರ ಅಳುಮೋರೆ ಮಾಡಿ. "ಆ ಕೇಂದ್ರದಾಗ ಏನಿರ್ತದ?"

"ದುರ್ಬೀನು ಇರ್ತದ. ಗ್ರಹ, ನಕ್ಷತ್ರ, ಗೆಲಾಕ್ಸಿ ಎಲ್ಲಾ ತೋರಿಸಬೇಕು."

"ಹಿಂದಿದಾಗ ತೋರಿಸಿದ್ರ ನಡೀತದೇನು?"

ದೇವಿಂದ್ರನ ಫೋನು ರಿಂಗಾಯಿತು, ರಮಾಬಾಯಿಯದು. ಎದ್ದು ಗೇಟಿನ ಕಡೆ ಹೋಗಿ, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದ. ಮೋಡ ಒಡೆದದ್ದು, ಮೈಕ್ ಕಸಿದದ್ದು, ನೆರಳು ದಾರವಾಗಿ ಮಾಯವಾದದ್ದು, ಹೆಗಲ ಮೇಲೆ ಹೊತ್ತದ್ದು, ಕೊನೆಗೆ ಸಾಹೇಬರ ವಚನ.

"ಭಾಳ ಛಲೋ ಆತೇನು?" ಎಂದಳು ರಮಾಬಾಯಿ.

"ಭಾಳ ಛಲೋ ಆತು ರಮಾ. ಇಷ್ಟು ಛಲೋ ಎಂದೂ ಆಗಿದ್ದಿಲ್ಲ."

"ಅಲ್ಲೇ ತಪ್ಪಾತು ನೋಡ್ರಿ. ಮುಂದಿನ ವರ್ಷ ಸಾಹೇಬ್ರನ್ನ ಮತ್ತ ಕರೀರಿ. ಆ ಪೈಪು ಜರಾ ಸೊಟ್ಟ ನಿಲ್ಲಸ್ರಿ."

ದೇವಿಂದ್ರ ಯೋಚಿಸಿದ. ನಿಜವಾಗಿಯೂ ಯೋಚಿಸಿದ. ಗೌಂಡಿಯ ಗುಂಡನ್ನು ಇಳಿಬಿಟ್ಟು, ಬೇಕೆಂದೇ ಕಲ್ಲು ಸಡಿಲ ಮಾಡುವುದನ್ನು ಮನಸ್ಸಿನಲ್ಲೇ ಮಾಡಿ ನೋಡಿದ. ಕೈ ಬರಲಿಲ್ಲ.

"ಆಗಂಗಿಲ್ಲ ರಮಾ," ಎಂದ. "ಸೂರ್ಯ ಅಷ್ಟು ದೂರದಿಂದ ಬರೋಬರ್ ಬಂದಿರ್ತಾನ. ನಾ ಹೆಂಗ ಸೊಟ್ಟ ನಿಲ್ಲಸಲಿ?"

ಆ ಕಡೆಯಿಂದ ಮೊದಲು ಒಂದು ನಿಟ್ಟುಸಿರು ಬಂತು, ಅದರ ಹಿಂದೆಯೇ ತಡೆಯಲಾರದ ನಗು.

"ಸೂರ್ಯಂದು ಬಿಡ್ರಿ," ಎಂದಳು ರಮಾಬಾಯಿ. "ನೀವು ಶನಿವಾರ ಬರೋಬರ್ ಬರ್ರಿ."